ಗುಪ್ತರೋಗಕ್ಕೆ ಗುಪ್ತ ಡಾಕ್ಟರು!

ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಓದದ ಕನ್ನಡಿಗ ಇರಲಿಕ್ಕಿಲ್ಲ. (ಹೆಂಗಸರ ಕಡೆಯ ಗೋಡೆಯಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳಿ.) ಹಳದಿ ಕಾಗದ, ಕೆಂಪು ಅಕ್ಷರ. ಗುಪ್ತರೋಗ, ನರದೌರ್ಬಲ್ಯ, ಸ್ವಪ್ನದೋಷ, ಶೀಘ್ರಸ್ಖಲನ, ಮೂಲವ್ಯಾಧಿ. ಪಾಪದ ಮೂಲವ್ಯಾಧಿ ಈ ಗುಂಪಿಗೆ ಹೇಗೆ ಸೇರಿಕೊಂಡಿತು ಅನ್ನೋದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ಅದರ ಕೆಳಗೆ, ಪ್ರತಿ ತಿಂಗಳ ಎರಡನೇ ಮಂಗಳವಾರ ಇಂಥಾ ಲಾಡ್ಜು, ಇಷ್ಟನೇ ನಂಬರಿನ ರೂಮು, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಮೂರನೇ ಮಂಗಳವಾರ ಆ ಡಾಕ್ಟರು ಎಲ್ಲಿರುತ್ತಾರೆ ಅಂತ ದೇವರಿಗೇ ಗೊತ್ತು.

ಈ ತರಹದ ಜಾಹೀರಾತು ಕಾನೂನಿಗೆ ವಿರುದ್ಧ ಅಂತ ನಿಮಗೆ ಗೊತ್ತಿತ್ತಾ? ಇವತ್ತು ನಿನ್ನೆಯ ಕಾನೂನಲ್ಲ, 1954ರದ್ದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ ಅಂತ ಅದರ ಹೆಸರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ಗುಹ್ಯರೋಗ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವ ಹಾಗಿಲ್ಲ. ಎಪ್ಪತ್ತು ವರ್ಷವಾಯಿತು. ಗೋಡೆ ಹಾಗೇ ಇದೆ, ಅಂಟು ಮಾತ್ರ ಹೊಸದು.

ಈಗ ಆ ಗೋಡೆ ಜೇಬಿನೊಳಗೆ ಬಂದಿದೆ. ಕ್ರಿಕೆಟ್ ಸ್ಕೋರ್ ನೋಡೋಣ ಅಂತ ಫೋನ್ ತೆಗೆದರೆ ಸಾಕು, ಗಡ್ಡ ನೇವರಿಸಿಕೊಳ್ಳುವ ಒಬ್ಬ ಹುಡುಗ ಪ್ರತ್ಯಕ್ಷನಾಗಿ "ಮನೆಯಲ್ಲೇ ಕೂತು ತಜ್ಞರೊಂದಿಗೆ ಮಾತಾಡಿ, ನೂರಕ್ಕೆ ನೂರು ಗೌಪ್ಯ, ಹೆಸರಿಲ್ಲದ ಬಾಕ್ಸಿನಲ್ಲಿ ಔಷಧಿ" ಅಂತಾನೆ. ಹಳದಿ ಕಾಗದ ಹೋಗಿ ತಿಳಿನೀಲಿ ಬಣ್ಣ ಬಂತು. ಲಾಡ್ಜಿನ ರೂಮು ಹೋಗಿ ಆ್ಯಪ್ ಬಂತು. ಬಹಳ ದಿನದಿಂದ ಇದರ ಬಗ್ಗೆ ಬರೆಯಬೇಕು ಅಂತ ಕುದಿಯುತ್ತಿದ್ದೆ. ಇವತ್ತು ಭಾನುವಾರ, ಮನೆಯಲ್ಲಿ ಕರೆಂಟೂ ಇದೆ, ಬರೆದೇಬಿಡುತ್ತೇನೆ.

ಮೊದಲೇ ಒಂದು ಮಾತು. ಆನ್‌ಲೈನಿನಲ್ಲಿ ಡಾಕ್ಟರನ್ನು ಕಾಣುವುದಕ್ಕೆ ನಾನು ವಿರೋಧಿ ಅಲ್ಲ. ಲೈಂಗಿಕ ಆರೋಗ್ಯದ ವಿಷಯದಲ್ಲಂತೂ ಅದರಷ್ಟು ಒಳ್ಳೆಯ ಉಪಾಯ ನಮ್ಮ ಕಡೆಯ ಊರುಗಳಿಗೆ ಇನ್ನೊಂದಿಲ್ಲ ಅನ್ನುವವನು ನಾನು. ನನ್ನ ಜಗಳ ಇರೋದು ಅದನ್ನು ಕೆಡಿಸುತ್ತಿರುವವರ ಜೊತೆ, ಮತ್ತು "ಛೆ ಛೆ, ಇದೆಲ್ಲ ಫೋನಿನಲ್ಲಿ ಮಾಡೋದಾ" ಅನ್ನುವವರ ಜೊತೆ. ಎರಡೂ ಕಡೆಯವರ ಕೈಲಿ ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೇನೆ.

ಎರಡನೆಯವರಿಂದ ಶುರು ಮಾಡ್ತೇನೆ, ಅವರು ಸುಲಭ. "ಡಾಕ್ಟರ ಹತ್ತಿರ ಎಂಥಾ ನಾಚಿಕೆ, ನೇರ ಹೋಗಿ ತೋರಿಸಿ" ಅಂತಾರೆ. ಜಯನಗರದಲ್ಲಿ ಕೂತು ಹೇಳಬಹುದು. ನಮ್ಮ ತಾಲ್ಲೂಕಿಗೆ ಬನ್ನಿ. ಓಪಿಡಿ ಚೀಟಿ ಬರೆಯುವವನು ನಿಮ್ಮ ಜೊತೆ ಹೈಸ್ಕೂಲು ಓದಿದವನು. ರಕ್ತ ತೆಗೆಯುವವಳು ನಿಮ್ಮ ಚಿಕ್ಕಮ್ಮನ ಮನೆ ಹಿಂದಿನವಳು. ಡಾಕ್ಟರ ಕೋಣೆಗೆ ಬಾಗಿಲು ಇದೆ, ಆದರೆ ಅದು ಯಾವಾಗಲೂ ತೆರೆದೇ ಇರುತ್ತದೆ. ಒಳಗೆ ನೀವು ಸ್ಟೂಲಿನ ಮೇಲೆ ಕೂತಿರುವಾಗ ನಿಮ್ಮ ಹಿಂದೆ ಮೂರು ಜನ ನಿಂತಿರುತ್ತಾರೆ, ಅದರಲ್ಲೊಬ್ಬರು ಕೆಮ್ಮಿನವರು, ಒಬ್ಬರು ಬಿಪಿ ನೋಡಿಸುವವರು, ಮತ್ತೊಬ್ಬರು ಸುಮ್ಮನೆ ಜೊತೆಗೆ ಬಂದವರು. "ಹೂಂ, ಹೇಳಿ, ಏನು ತೊಂದರೆ?" ಅಂತ ಡಾಕ್ಟರು ಕೇಳಿದರೆ ಏನು ಹೇಳುತ್ತೀರಿ? "ಸ್ವಲ್ಪ ಸುಸ್ತು ಸಾರ್" ಅಂತೀರಿ. ವಿಟಮಿನ್ ಮಾತ್ರೆ ಬರೆದುಕೊಡುತ್ತಾರೆ. ತಗೊಂಡು ಮನೆಗೆ ಬರುತ್ತೀರಿ. ಎರಡನೇ ಮಂಗಳವಾರ ಲಾಡ್ಜಿಗೆ ಹೋಗುತ್ತೀರಿ. ಅಲ್ಲಿ ಬಾಗಿಲು ಹಾಕ್ತಾರೆ ನೋಡಿ! ಆ ಡಾಕ್ಟರುಗಳ ಇಡೀ ವ್ಯಾಪಾರ ನಿಂತಿರುವುದು ಆ ಒಂದು ಬಾಗಿಲಿನ ಮೇಲೆ.

ಹೆಂಗಸರ ಪಾಡು ಇನ್ನೂ ಬೇರೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು, ಇಪ್ಪತ್ತಾರು ವರ್ಷ, ಪಿಜಿಯಲ್ಲಿ ಇರುವವಳು, ಉರಿಮೂತ್ರ ಅಂತ ಬೆಂಗಳೂರಿನದೇ ಒಂದು ಆಸ್ಪತ್ರೆಗೆ ಹೋದಳು. ರಿಸೆಪ್ಷನ್ನಿನಲ್ಲಿ ಮೊದಲ ಪ್ರಶ್ನೆ, ಹತ್ತು ಜನರ ಎದುರಿಗೆ, "ಮಿಸ್ಸಾ ಮಿಸೆಸ್ಸಾ?" ಒಳಗೆ ಹೋದರೆ ಡಾಕ್ಟರಮ್ಮನದೂ ಅದೇ, "ಮದುವೆ ಆಗಿದೆಯಾ?" ಇಲ್ಲ ಅಂದಳು. ಅಲ್ಲಿಗೆ ಮುಗೀತು, ಮುಂದೆ ಏನೂ ಕೇಳಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ "ಮದುವೆ ಆಗಿದೆಯಾ" ಅನ್ನೋದು ಮದುವೆಯ ಬಗೆಗಿನ ಪ್ರಶ್ನೆಯೇ ಅಲ್ಲ, ಬೇರೆ ಪ್ರಶ್ನೆಗೆ ಹಾಕಿದ ಸೆರಗು ಅದು. ಆದರೆ ರೋಗಿ ಮಾತ್ರ ಮದುವೆಯ ಬಗ್ಗೆಯೇ ಉತ್ತರ ಕೊಡಬೇಕಾಗುತ್ತದೆ. ಕೇಳಬೇಕಾದ್ದನ್ನು ಕೇಳದೆ, ಹೇಳಬೇಕಾದ್ದನ್ನು ಹೇಳದೆ, ಇಬ್ಬರೂ ಮರ್ಯಾದೆ ಉಳಿಸಿಕೊಂಡು ಏಳುತ್ತಾರೆ. ಕಾಯಿಲೆ ಮಾತ್ರ ಅಲ್ಲೇ ಕೂತಿರುತ್ತದೆ.

ಇದೇ ಪ್ರಶ್ನೆಯನ್ನು ಫೋನಿನಲ್ಲಿ, ಅಕ್ಷರದಲ್ಲಿ ಕೇಳಿದ್ದರೆ ಅವಳು ನಿಜ ಹೇಳುತ್ತಿದ್ದಳು, ನನಗೇ ಹಾಗಂತ ಹೇಳಿದಳು. ಮುಖ ಕಾಣದಿದ್ದಾಗ ಬಾಯಿ ಬಿಡೋದು ಸುಲಭ. ಆನ್‌ಲೈನ್ ಭೇಟಿಯ ಲಾಭ ಇಷ್ಟೇ, ಆದರೆ ಇದು ಸಣ್ಣ ಲಾಭ ಅಲ್ಲ.

ಮತ್ತೆ, ಇದೇನು ಹೊಸದೂ ಅಲ್ಲ. ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳ ಆರೋಗ್ಯದ ಪ್ರಶ್ನೋತ್ತರ ಅಂಕಣ ನೆನಪಿದೆಯಾ? ಮನೆಯಲ್ಲಿ ದೊಡ್ಡವರು ಇಲ್ಲದಾಗ ಮೊದಲು ತೆರೆಯುತ್ತಿದ್ದ ಪುಟ. ಪ್ರಶ್ನೆ ಕೇಳಿದವರ ಜಾಗದಲ್ಲಿ ಇನಿಶಿಯಲ್ಲು, ಇಲ್ಲವೇ "ಹೆಸರು, ಊರು ಬೇಡ" ಅಂತ. ಉತ್ತರ ಕೊಟ್ಟ ಡಾಕ್ಟರದ್ದು ಪೂರ್ತಿ ಹೆಸರು, ಪದವಿ, ಕೆಲವೊಮ್ಮೆ ಫೋಟೋ ಕೂಡಾ. ಡಾ. ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ' ಬರೆದಾಗ ಮುಖಪುಟದ ಮೇಲೆ ಅವರ ಹೆಸರಿತ್ತು, ಒಬ್ಬ ಹೆಂಗಸು ಇಂಥದ್ದನ್ನು ಕನ್ನಡದಲ್ಲಿ ಬರೆದರೆ ಜನ ಏನಂತಾರೆ ಅಂತ ಮುಚ್ಚಿಟ್ಟುಕೊಳ್ಳಲಿಲ್ಲ. ನನ್ನ ಪ್ರಕಾರ ನಮ್ಮ ಮೊದಲ ಟೆಲಿಮೆಡಿಸಿನ್ ಆ ಅಂಕಣಗಳೇ. ಐವತ್ತು ಪೈಸೆ ಇನ್‌ಲ್ಯಾಂಡ್ ಲೆಟರು, ಉತ್ತರ ಬರಲು ಎರಡು ತಿಂಗಳು, ಅಷ್ಟೇ ವ್ಯತ್ಯಾಸ.

ಅಲ್ಲಿ ರೋಗಿಗೆ ಹೆಸರಿರಲಿಲ್ಲ, ಡಾಕ್ಟರಿಗೆ ಹೆಸರಿತ್ತು. ಈಗ ಈ ಆ್ಯಪ್‌ಗಳನ್ನು ನೋಡಿ. ರೋಗಿಯ ಹೆಸರು, ವಯಸ್ಸು, ಮೊಬೈಲ್ ನಂಬರು, ಇಮೇಲು, ಮನೆಯ ವಿಳಾಸ ಪಿನ್‌ಕೋಡ್ ಸಮೇತ, ಎಲ್ಲಿ ನಿಂತಿದ್ದಾನೆ ಅನ್ನುವ ಲೊಕೇಶನ್ನು, ವಾರಕ್ಕೆ ಎಷ್ಟು ಸಲ ಅನ್ನುವ ಲೆಕ್ಕ, ಎಲ್ಲ ಬೇಕು. ಡಾಕ್ಟರು ಯಾರು ಅಂದರೆ "ನಮ್ಮ ತಜ್ಞರ ತಂಡ". ಪೂರ್ತಿ ಉಲ್ಟಾ ಹೊಡೆದಿದೆ. ಗುಪ್ತವಾಗಿರೋದು ರೋಗವಲ್ಲ, ಡಾಕ್ಟರು!

ಇಲ್ಲಿ ಯಾರೋ ಒಬ್ಬರು ಎದ್ದು "ನಿಯಮ ಇಲ್ಲವಲ್ಲ ಸ್ವಾಮಿ, ಆನ್‌ಲೈನ್ ಅಂದರೆ ಹಾಗೇ" ಅಂತಾರೆ. ನಿಯಮ ಇದೆ. 2020ರ ಮಾರ್ಚ್ 25, ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರದಿಂದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ನಾನು ಕೂತು ಓದಿದ್ದೇನೆ, ಅಂಥಾ ಕಷ್ಟದ ಇಂಗ್ಲಿಷೇನೂ ಅಲ್ಲ. ಅದು ಹೇಳೋದು ಏನು ಅಂದರೆ, ಭೇಟಿ ಅನಾಮಧೇಯ ಆಗಿರಬಾರದು, ರೋಗಿಗೆ ಡಾಕ್ಟರು ಯಾರು ಅಂತ ಗೊತ್ತಿರಬೇಕು, ಡಾಕ್ಟರಿಗೆ ರೋಗಿ ಯಾರು ಅಂತ ಗೊತ್ತಿರಬೇಕು. ಎರಡೂ ಕಡೆ. ಔಷಧಿ ಚೀಟಿಯ ಮೇಲೆ ಹೆಸರು ಬೇಕಲ್ಲ, ಹಾಗಾಗಿ ರೋಗಿಯ ಹೆಸರು ಕೇಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಮಾರ್ಗಸೂಚಿಯಲ್ಲಿ ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯ ಮೇಲೆ, ವೆಬ್‌ಸೈಟಿನಲ್ಲಿ, ವಾಟ್ಸ್ಯಾಪ್ ಸಂದೇಶದಲ್ಲಿ, ರಸೀತಿಯಲ್ಲಿ ತೋರಿಸಬೇಕು ಅಂತಲೂ ಇದೆ. ಡಾಕ್ಟರುಗಳನ್ನು ಒದಗಿಸುವ ಕಂಪನಿ ಪ್ರತಿಯೊಬ್ಬ ಡಾಕ್ಟರ ಹೆಸರು, ಓದು, ನೋಂದಣಿ ಸಂಖ್ಯೆ, ಸಂಪರ್ಕ ವಿವರ ಕೊಡಬೇಕು. ಯಂತ್ರ ಕೂತು ಔಷಧಿ ಬರೆಯುವ ಹಾಗಿಲ್ಲ, ಅದು ಡಾಕ್ಟರಿಗೆ ಸಹಾಯ ಮಾಡಬಹುದು ಅಷ್ಟೇ. ಕೆಲವು ಔಷಧಿಗಳನ್ನು ಮೊದಲ ಸಲ ಬರೆಯಬೇಕಾದರೆ ವಿಡಿಯೋದಲ್ಲೇ ನೋಡಿರಬೇಕು. ಜಾಹೀರಾತು, ಆಮಿಷ ತೋರಿಸಿ ಡಾಕ್ಟರು ರೋಗಿಗಳನ್ನು ಸೆಳೆಯುವ ಹಾಗಿಲ್ಲ. ರೋಗಿಯ ಖಾಸಗಿ ಫೋಟೋ ದುರುಪಯೋಗ ಮಾಡಿದರೆ ಅದು ದುರ್ನಡತೆ ಅಂತ ಬಿಡಿಸಿ ಬರೆದಿದ್ದಾರೆ.

ಈಗ ಆ ಗಡ್ಡದ ಹುಡುಗನ ಜಾಹೀರಾತನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಎಲ್ಲಿದೆ ಅಂತ ಹುಡುಕಿ, ಸಿಕ್ಕರೆ ನನಗೂ ಹೇಳಿ.

ನಾನು ಇಷ್ಟು ಕೋಪ ಮಾಡಿಕೊಳ್ಳುವುದಕ್ಕೆ ಕಾರಣ ಇದೆ. ನನ್ನ ಸೋದರತ್ತೆಯ ಮಗ, ಮೂವತ್ತೊಂದು ವರ್ಷ, ಅಡಿಕೆ ತೋಟ ನೋಡಿಕೊಂಡಿದ್ದಾನೆ, ಮದುವೆಯಾಗಿ ಎರಡು ವರ್ಷ. (ಬರೆಯಲಾ ಅಂತ ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಊರು ಹಾಕ್ಬೇಡ ಭಾವ, ಬಾಕಿ ಏನು ಬೇಕಾದ್ರೂ ಬರಿ" ಅಂದ.) ಒಂದು ರಾತ್ರಿ ಫೋನ್ ಮಾಡಿ, ಅಡಿಕೆ ರೇಟು, ಮಳೆ, ಕೊಳೆರೋಗ ಎಲ್ಲ ಮಾತಾಡಿ ಮುಗಿಸಿ, ಇನ್ನೇನು ಇಡಬೇಕು ಅನ್ನುವಾಗ, "ಭಾವಾ, ಒಂದು ವಿಷಯ ಕೇಳ್ತೆ, ನಗಾಡೂಲೆ ಇಲ್ಲೆ" ಅಂದ.

ವಿಷಯ ನಿಮಗೆ ಅರ್ಥವಾಗಿರಬಹುದು. ಆರು ತಿಂಗಳಿಂದ ಆಗುತ್ತಿಲ್ಲ. ಇಂಥದ್ದೇ ಒಂದು ಆ್ಯಪ್ ಹಾಕಿಕೊಂಡಿದ್ದಾನೆ. ಹನ್ನೆರಡು ಪ್ರಶ್ನೆ, ಎಲ್ಲದಕ್ಕೂ ಗುಂಡಿ ಒತ್ತುವ ಉತ್ತರ. ಎರಡು ನಿಮಿಷದಲ್ಲಿ "ನಮ್ಮ ತಜ್ಞರು ನಿಮ್ಮ ವಿವರ ಪರಿಶೀಲಿಸಿದ್ದಾರೆ" ಅಂತ ಬಂತು. ಆಮೇಲೆ ಒಬ್ಬ 'ಕೋಚ್' ಫೋನ್ ಮಾಡಿ ಹಿಂದಿಯಲ್ಲಿ ಮಾತಾಡಿದ, ಇವನಿಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ "ಹಾಂ ಜೀ" ಅಂದ. ತಿಂಗಳಿಗೆ 1,800 ರೂಪಾಯಿಯ ಪ್ಯಾಕು, ಮೂರು ತಿಂಗಳದ್ದು ಒಟ್ಟಿಗೆ ತಗೊಂಡರೆ ಡಿಸ್ಕೌಂಟು. ತಗೊಂಡ. ಡಬ್ಬಿಯಲ್ಲಿ ಮಾತ್ರೆ ಇತ್ತು, ಒಂದು ಲೇಹ್ಯ ಇತ್ತು, ಉಸಿರಾಟದ ವ್ಯಾಯಾಮದ ಚೀಟಿ ಇತ್ತು. ಡಾಕ್ಟರ ಹೆಸರು ಎಲ್ಲಿತ್ತು ಅಂತ ಕೇಳಿದೆ. ಹುಡುಕಿ ನೋಡಿದ, ಸಿಗಲಿಲ್ಲ.

ನಾನು ಡಾಕ್ಟರಲ್ಲ. ಇ-ಸಂಜೀವನಿ ಅಂತ ಸರ್ಕಾರದ್ದೇ ಪುಕ್ಕಟೆ ಸೇವೆ ಇದೆ, ಅದರಲ್ಲಿ ಮಾತಾಡು ಅಂದೆ. 2020ರ ಏಪ್ರಿಲ್‌ನಿಂದ ನಡೆಯುತ್ತಿದೆ, ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ, ಟೋಕನ್ ತಗೊಂಡು ಕಾದರೆ ಡಾಕ್ಟರು ವಿಡಿಯೋದಲ್ಲಿ ಬರುತ್ತಾರೆ, ಔಷಧಿ ಚೀಟಿ ಫೋನಿಗೇ ಬರುತ್ತದೆ. ಅವನ ಮನೆಯೊಳಗೆ ನೆಟ್‌ವರ್ಕ್ ಇಲ್ಲ, ತೋಟದ ಮೇಲಿನ ಗುಡ್ಡದಲ್ಲಿ ಮಾತ್ರ ಸಿಗುತ್ತದೆ. ಗೌಪ್ಯತೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ? :-) ಇಪ್ಪತ್ತು ನಿಮಿಷ ಕಾದ, ಒಂದು ಸಲ ಲೈನ್ ಕಟ್ಟಾಯಿತು, ಆಮೇಲೆ ಒಬ್ಬ ಡಾಕ್ಟರು ಸಿಕ್ಕರು, ಕನ್ನಡದವರು. ಅವರು ಕೇಳಿದ ಮೂರನೇ ಪ್ರಶ್ನೆ: "ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಿ?"

ನಾಲ್ಕು ಸಲ. ಬಾಯಾರಿಕೆ ವಿಪರೀತ. ತೂಕ ಇಳಿದಿದೆ, ಅದು ತೋಟದ ಕೆಲಸದಿಂದ ಅಂದುಕೊಂಡಿದ್ದ. ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 212.

ಗಂಡಸರಿಗೆ ನಿಮಿರುವಿಕೆಯ ತೊಂದರೆ ಬಂದಾಗ ಸಕ್ಕರೆ, ಬಿಪಿ, ಹೃದಯ ನೋಡಬೇಕು ಅನ್ನೋದು ಯಾವ ಎಂಬಿಬಿಎಸ್ ಡಾಕ್ಟರಿಗಾದರೂ ಗೊತ್ತಿರುವ ವಿಷಯ. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಪೂರ, ಹಾಗಾಗಿ ನಾಳ ಕಟ್ಟಿಕೊಳ್ಳುವ ಕಾಯಿಲೆ ಎಷ್ಟೋ ಸಲ ಅಲ್ಲೇ ಮೊದಲು ಗೊತ್ತಾಗುತ್ತದೆ, ಎದೆನೋವು ಬರುವುದು ವರ್ಷಗಳ ನಂತರ. ಅಂದರೆ ಇದು ಗುಟ್ಟಾಗಿ ಒತ್ತಿಹಾಕುವ ಅವಮಾನವಲ್ಲ, ದೇಹ ಮುಂಚಿತವಾಗಿ ಕಳಿಸಿದ ನೋಟೀಸು. ಆ್ಯಪ್‌ನವರು ಮೂರು ತಿಂಗಳು ಆ ನೋಟೀಸಿನ ಮೇಲೆ ಲೇಹ್ಯ ಸವರಿದರು. ಇನ್ನೂ ಭಯ ಏನು ಅಂದರೆ, ಇಂಥಾ ಡಬ್ಬಿಗಳಲ್ಲಿ ಸಿಲ್ಡೆನಾಫಿಲ್ ಇದ್ದು, ತಗೊಳ್ಳುವವನು ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವನಾಗಿದ್ದರೆ ರಕ್ತದೊತ್ತಡ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಬರಬಹುದು. ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿ. ಗುಂಡಿ ಒತ್ತುವ ಹನ್ನೆರಡು ಪ್ರಶ್ನೆಯಲ್ಲಿ ಇದನ್ನು ಕೇಳಿದ್ದರೋ ಇಲ್ಲವೋ, ಹುಡುಗನಿಗೆ ನೆನಪಿಲ್ಲ.

ಎರಡೂ ಆನ್‌ಲೈನೇ. ಒಂದರಲ್ಲಿ ಡಾಕ್ಟರಿದ್ದರು, ಒಂದರಲ್ಲಿ ಡಬ್ಬಿ ಇತ್ತು. ಸಕ್ಕರೆ ಈಗ ಹತೋಟಿಗೆ ಬರುತ್ತಿದೆ. ಇನ್ನೊಂದು ವಿಷಯ ಸರಿಹೋಯಿತಾ ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಆ ಹೆಸರಿಲ್ಲದ ಬಾಕ್ಸಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದಿನಕ್ಕೆ ಇನ್ನೂರು ಬಾಕ್ಸ್ ಬರುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನಮ್ಮೂರಿನಲ್ಲಿ ಕೊರಿಯರ್‌ನವನು ಮನೆಯವರೆಗೆ ಬರುವುದೇ ಇಲ್ಲ, ಬಸ್‌ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ. ಅಲ್ಲಿ ಬರುವ ಬಾಕ್ಸ್‌ಗಳ ಮೇಲೆಲ್ಲ ಕಂಪನಿ ಹೆಸರು ಇರುತ್ತದೆ. ಒಂದರ ಮೇಲೆ ಏನೂ ಇಲ್ಲ ಅಂದರೆ ಅದೇ ದೊಡ್ಡ ಸುದ್ದಿ! "ಎಂತದಾ ಮಾರಾಯ ಇದು, ಹೆಸರೇ ಇಲ್ಲೆ?" ಅಂತ ಅಂಗಡಿಯ ಜಗಲಿ ಮೇಲೆ ಕೂತ ನಾಲ್ಕು ಜನ ಅಲ್ಲಾಡಿಸಿ ನೋಡುತ್ತಾರೆ.

ಹೊರಗಿನ ಬಾಕ್ಸಿಗೆ ಹೆಸರಿಲ್ಲ, ಒಳಗಿನ ಕಂಪ್ಯೂಟರಿನಲ್ಲಿ ಮಾತ್ರ ನಿಮ್ಮ ಜಾತಕವೇ ಇದೆ. ಅದು ಎಲ್ಲಿಗೆ ಹೋಗುತ್ತದೆ? ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ, ಅಲ್ಲಿ ಕೇಳುವವರು ಇರುವುದರಿಂದ ಹೊರಗೆ ಬಂದದ್ದು. ಗುಡ್‌ಆರ್‌ಎಕ್ಸ್ ಅಂತ ಔಷಧಿ ರಿಯಾಯಿತಿ ಮತ್ತು ಆನ್‌ಲೈನ್ ಡಾಕ್ಟರ್ ಭೇಟಿಯ ಕಂಪನಿ. ಜನರ ಆರೋಗ್ಯದ ವಿವರಗಳನ್ನು ಅವರಿಗೆ ಹೇಳದೆ ಫೇಸ್‌ಬುಕ್, ಗೂಗಲ್ ಮುಂತಾದವರಿಗೆ ಜಾಹೀರಾತಿಗಾಗಿ ಕೊಟ್ಟಿದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ಹಿಡಿಯಿತು. ಕಂಪನಿ ತಪ್ಪು ಒಪ್ಪಲಿಲ್ಲ, 15 ಲಕ್ಷ ಡಾಲರ್ ದಂಡಕ್ಕೆ ಮಾತ್ರ ಒಪ್ಪಿತು. ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಹೇಳಿದರು. ಆ ಮೊಕದ್ದಮೆ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಹೆಮ್ಮೆಪಡಿ. ಆದರೆ 2011ರ ಐಟಿ ನಿಯಮಗಳಲ್ಲಿ ವೈದ್ಯಕೀಯ ದಾಖಲೆ, ಲೈಂಗಿಕ ಒಲವು ಇವನ್ನೆಲ್ಲ 'ಸೂಕ್ಷ್ಮ' ಅಂತ ಬೇರೆ ಸಾಲಿನಲ್ಲಿ ಇಟ್ಟಿದ್ದರು. 2023ರ ಹೊಸ ದತ್ತಾಂಶ ಕಾಯಿದೆಯಲ್ಲಿ ಆ ಸಾಲೇ ಇಲ್ಲ. ನಿಮ್ಮ ಬಿಳಿ ಸೆರಗಿನ ಔಷಧಿಯೂ ಒಂದೇ, ನೀವು ಕೊಂಡ ಚಪ್ಪಲಿಯ ಸೈಜೂ ಒಂದೇ. ಅದರ ನಿಯಮಗಳು ಹೊರಬಂದಿದ್ದೇ 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ವಾಯಿದೆ ಬೇರೆ.

ಬಿಳಿ ಸೆರಗು ಅಂದೆ. ಈ ಶಬ್ದ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಿಮ್ಮ ಅಮ್ಮನಿಗೆ ಗೊತ್ತು, ಕೇಳಿ. ಯೋನಿಯಿಂದ ಬಿಳಿ ಹೋಗುವುದಕ್ಕೆ ಕನ್ನಡದ ಹೆಂಗಸರು ಇಟ್ಟುಕೊಂಡ ಹೆಸರು. ಎಷ್ಟು ನಾಜೂಕು, ಎಷ್ಟು ಸ್ಪಷ್ಟ. ನಮ್ಮಲ್ಲಿ ಮಾತಿಲ್ಲ ಅನ್ನುವವರಿಗೆ ಹೇಳುತ್ತಿದ್ದೇನೆ. ಉರಿಮೂತ್ರ ಇದೆ, ತಿಂಗಳ ರಜೆ ಇದೆ, 'ಧಾತು ಹೋಗುತ್ತದೆ' ಇದೆ. ಈ ಧಾತುವಿನ ಕಥೆ ಕೇಳಿ. ವೀರ್ಯ ಹೋದರೆ ಶಕ್ತಿ ಹೋಯಿತು ಅಂತ ಹೆದರಿ ಸೊರಗುವ ಹುಡುಗರನ್ನು ನೋಡಿ ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲೇ 'ಧಾತ್ ಸಿಂಡ್ರೋಮ್' ಅಂತ ಹೆಸರು ಕೊಟ್ಟರು. ಅಂಥಾ ಹುಡುಗನಿಗೆ ಬಹಳಷ್ಟು ಸಲ ಬೇಕಾಗಿರೋದು ಅವನದೇ ಭಾಷೆಯಲ್ಲಿ ಹತ್ತು ನಿಮಿಷ ಸಮಾಧಾನದಿಂದ ಮಾತಾಡುವ ಡಾಕ್ಟರು. ಆ್ಯಪ್‌ನವರಿಗೆ ಅದರಲ್ಲಿ ಲಾಭ ಎಲ್ಲಿದೆ? ಮಾತನ್ನು ಡಬ್ಬಿಗೆ ಹಾಕಿ ತಿಂಗಳು ತಿಂಗಳು ಕಳಿಸಲು ಬರುವುದಿಲ್ಲವಲ್ಲ.

ಅವರ ಕನ್ನಡ ನೋಡಿದರೆ ನಗು ಬರುತ್ತದೆ. "ನಿಮ್ಮ ಕಾರ್ಯಕ್ಷಮತೆಯನ್ನು ವರ್ಧಿಸಿ" ಅಂತೆ. ಪಂಪ್‌ಸೆಟ್ಟಿನ ಜಾಹೀರಾತು ಅಂದುಕೊಂಡೆ. ಯಂತ್ರಾನುವಾದಕ್ಕೆ ಹಾಕಿ ಕೈತೊಳೆದುಕೊಂಡಿದ್ದಾರೆ. ಒಳಗೆ ಹೋದರೆ ಅದೂ ಇಲ್ಲ, ಇಂಗ್ಲಿಷು ಅಥವಾ ಹಿಂದಿ ಆರಿಸಿಕೊಳ್ಳಿ. ಕನ್ನಡದಲ್ಲಿ ಬ್ಯಾಂಕ್ ಫಾರಂ ಇಲ್ಲ ಅಂತ ನಾವೆಲ್ಲ ಎಷ್ಟು ಕೂಗಾಡಿದ್ದೇವೆ, ಬೇಕೇಬೇಕು, ಕೂಗಾಡಬೇಕು. ಆದರೆ ಬ್ಯಾಂಕ್ ಫಾರಂ ಆದರೆ ಪಕ್ಕದವನ ಕೈಲಿ ಓದಿಸಬಹುದು. ಇದನ್ನು ಯಾರ ಕೈಲಿ ಓದಿಸುತ್ತೀರಿ? ಭಾಷೆ ಬಾರದವನ ಖಾಸಗಿತನ ಅಲ್ಲಿಗೇ ಮುಗಿಯಿತು.

ಫೋನೂ ಹಾಗೇ. ಆ್ಯಪ್ ಮಾಡುವವರು ಒಬ್ಬರಿಗೊಂದು ಫೋನು ಅಂದುಕೊಂಡಿದ್ದಾರೆ. ನಮ್ಮ ಮನೆಗಳಲ್ಲಿ ಅತ್ತಿಗೆಯ ಆಧಾರಿಗೆ ಅಣ್ಣನ ನಂಬರು, ಅಮ್ಮನ ಗ್ಯಾಸಿಗೆ ಮಗನ ನಂಬರು. ಒಟಿಪಿ ಹೋಗುವುದು ಗಂಡನ ಜೇಬಿಗೆ. ಗಂಡನಿಂದಲೇ ಬಂದ ಸೋಂಕನ್ನು ಗಂಡನ ಒಟಿಪಿ ಕೇಳಿ ಡಾಕ್ಟರಿಗೆ ಹೇಳಬೇಕು! ಈ ವಿಷಯದಲ್ಲಿ ಸರ್ಕಾರದ ಸೇವೆಯೂ ಪಾಸಾಗಿಲ್ಲ, ಹೇಳಿಬಿಡುತ್ತೇನೆ. ಊರಿನ ಆರೋಗ್ಯ ಕೇಂದ್ರದಿಂದಲೇ ಇ-ಸಂಜೀವನಿಯ ಡಾಕ್ಟರ ಜೊತೆ ಮಾತಾಡಿಸುವ ವ್ಯವಸ್ಥೆ ಇದೆ, ಸ್ವಂತ ಫೋನಿಲ್ಲದವರಿಗೆ ಅದೇ ದಾರಿ. ಆದರೆ ಅಲ್ಲಿ ಆ ಕಂಪ್ಯೂಟರಿನ ಮುಂದೆ ಹೆಂಗಸೊಬ್ಬಳನ್ನು ಒಂಟಿಯಾಗಿ ಕೂರಿಸಿ ಬಾಗಿಲು ಹಾಕುತ್ತಾರೆಯೇ? ಮತ್ತೆ ಅದೇ ಬಾಗಿಲಿನ ಪ್ರಶ್ನೆಗೆ ಬಂದೆವು. ಸರ್ವರ್‌ಗಳಿಗೆ ಕೋಟಿಗಟ್ಟಲೆ ಸುರಿಯುವವರು ಒಂದು ಚಿಲಕಕ್ಕೆ ದುಡ್ಡು ಹಾಕಲಿ.

ಆನ್‌ಲೈನಿನಲ್ಲಿ ಎಲ್ಲ ಆಗುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಏನೂ ಮಾಡದಿದ್ದರೂ ಕೆಲವು ವಾರದಲ್ಲಿ ತಾನೇ ಮಾಯುತ್ತದೆ. ಮುಲಾಮು ತರಿಸಿ ಹಚ್ಚಿದವನು "ಆಹಾ, ವಾಸಿಯಾಯಿತು" ಅಂದುಕೊಂಡು ಐದು ನಕ್ಷತ್ರ ಒತ್ತುತ್ತಾನೆ. ಕಾಯಿಲೆ ಒಳಗೇ ಇರುತ್ತದೆ, ಹೆಂಡತಿಗೂ ಹೋಗುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಬೇಕು, ಪೆನ್ಸಿಲಿನ್ ಇಂಜೆಕ್ಷನ್ ಬೇಕು, ಅದು ಕೊರಿಯರಿನಲ್ಲಿ ಬರುವುದಿಲ್ಲ. ಹುಡುಗರಿಗೆ ಇದ್ದಕ್ಕಿದ್ದಂತೆ ವೃಷಣದಲ್ಲಿ ವಿಪರೀತ ನೋವು ಬಂದರೆ ಅದು ತಿರುಚಿಕೊಂಡಿರಬಹುದು, ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಕಳೆದುಕೊಳ್ಳಬೇಕಾಗುತ್ತದೆ. ಆಗ ಆ್ಯಪ್ ತೆರೆಯಬೇಡಿ, ಗಾಡಿ ತೆಗೆಯಿರಿ. ಬಸುರಿಗೆ ಹೊಟ್ಟೆನೋವು, ರಕ್ತ ಹೋಗುವುದು, ಇವೂ ಹಾಗೇ. ಎಚ್‌ಐವಿ ತಗುಲಿರಬಹುದು ಅನ್ನುವ ಭಯ ಇದ್ದರೆ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ದೊಡ್ಡ ಸರ್ಕಾರಿ ಆಸ್ಪತ್ರೆಗೇ ಹೋಗಿ. "ಇದು ಇಲ್ಲಿ ಆಗೋದಿಲ್ಲ, ಹೋಗಿ ತೋರಿಸಿ" ಅಂತ ಹೇಳುವವರೇ ಒಳ್ಳೆಯ ಆನ್‌ಲೈನ್ ಡಾಕ್ಟರು. ಎಲ್ಲದಕ್ಕೂ ನಮ್ಮಲ್ಲಿ ಪ್ಯಾಕ್ ಇದೆ ಅನ್ನುವವರು ಲಾಡ್ಜಿನವರೇ.

ಹೋಗಿ ತೋರಿಸುವುದು ಎಲ್ಲಿ? ಜಿಲ್ಲಾಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಅಂತ ಇದೆ, ಲೈಂಗಿಕ ಸೋಂಕುಗಳಿಗೇ ಮೀಸಲು, ಔಷಧಿ ಪುಕ್ಕಟೆ. ಐಸಿಟಿಸಿ ಅನ್ನುವ ಬೋರ್ಡು ನೋಡಿರುತ್ತೀರಿ, ಅಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ, ಮೊದಲು ಕೂರಿಸಿ ಮಾತಾಡುವ ಆಪ್ತಸಮಾಲೋಚಕರೂ ಇರುತ್ತಾರೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಊರಿಗೆ ಹೇಳುವ ಹಾಗೂ ಇಲ್ಲ. 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ, ಹಲವು ಭಾಷೆ. ಇಷ್ಟೆಲ್ಲ ಇದೆ ಅಂತ ಗಡ್ಡದ ಹುಡುಗ ಹೇಳುವುದಿಲ್ಲ, ಸರಿ. ಆರೋಗ್ಯ ಇಲಾಖೆಯಾದರೂ ಹೇಳಬಾರದೇ? ಡಾಕ್ಟರ ಫೋಟೋ ಇಲ್ಲದೆ ಮಂತ್ರಿಗಳ ಫೋಟೋ ಮಾತ್ರ ಇರುವ ಫ್ಲೆಕ್ಸುಗಳ ಬದಲು, ಆ ಮೂತ್ರಾಲಯದ ಗೋಡೆಯಲ್ಲೇ, ಆ ಹಳದಿ ಕಾಗದದ ಪಕ್ಕದಲ್ಲೇ 1097 ಅಂತ ಬರೆಸಲಿ. ಅದಕ್ಕಿಂತ ಹೆಚ್ಚು ಜನ ಓದುವ ಗೋಡೆ ರಾಜ್ಯದಲ್ಲಿ ಇನ್ನೊಂದಿಲ್ಲ.

ಇನ್ನು ನೀವು ನನಗೆ ಏನು ಮಾಡಿಕೊಡಬೇಕು ಅಂದರೆ, ನಿಮ್ಮ ಊರಿನ ತಮ್ಮಂದಿರು ತಂಗಿಯರು ಇಂಥ ಆ್ಯಪ್ ಬಳಸುತ್ತಿದ್ದರೆ ಬೈಯಬೇಡಿ. ಔಷಧಿ ಚೀಟಿ ತೋರಿಸು ಅನ್ನಿ. ಅದರ ಮೇಲೆ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇದೆಯಾ ನೋಡಿ. ಇದ್ದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಚೀಟಿಯೇ ಇಲ್ಲ ಅಂದರೆ ಡಬ್ಬಿ ಬಿಸಾಕಲು ಹೇಳಿ, ದುಡ್ಡು ಹೋದರೆ ಹೋಯಿತು.

ನಮ್ಮ ಬ್ಲಾಗ್ ಬಳಗದಲ್ಲಿ ಡಾಕ್ಟರುಗಳಿದ್ದೀರಿ, ಹೆಸರು ಹಿಡಿದು ಕರೆಯುವುದಿಲ್ಲ, ನಿಮಗೇ ಗೊತ್ತು. ಪ್ರವಾಸದ ಬಗ್ಗೆ ಚೆನ್ನಾಗಿ ಬರೆಯುತ್ತೀರಿ, ಹಳೆಯ ಹಾಡುಗಳ ಬಗ್ಗೆ ಬರೆಯುತ್ತೀರಿ, ಓದಿ ಖುಷಿಪಡುತ್ತೇವೆ. ಒಂದು ಸಲ ಬಿಳಿ ಸೆರಗಿನ ಬಗ್ಗೆ ಬರೆಯಿರಿ. ಧಾತುವಿನ ಬಗ್ಗೆ ಬರೆಯಿರಿ. ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ.

ನನ್ನ ಬ್ಲಾಗಿನಲ್ಲಿ ಅನಾಮಧೇಯ ಕಾಮೆಂಟುಗಳಿಗೆ ಅವಕಾಶ ಇರಲಿಲ್ಲ, ನಿಮಗೆಲ್ಲ ಗೊತ್ತೇ ಇದೆ. ಈ ಬರಹದಿಂದ ಅದನ್ನು ತೆರೆದಿಟ್ಟಿದ್ದೇನೆ. ನನ್ನನ್ನು ಬೈಯುವವರು ಹೆಸರು ಹಾಕಿ ಬೈಯಿರಿ. ತೊಂದರೆ ಇರುವವರು ಹೆಸರು ಹಾಕುವುದು ಬೇಡ, ಯಾವ ಜಿಲ್ಲೆ ಅಂತಷ್ಟೇ ಬರೆದರೆ ಅಲ್ಲಿನ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಅಂತ ವಿಚಾರಿಸಿ ಹೇಳುತ್ತೇನೆ.